ಲ್ಯಾಂಪ್ ಶೇಡಿನ ಮೇಲೊಂದು ಕಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಟೇಬಲ್ ಲ್ಯಾಂಪ್ ಬಗ್ಗೆ ಬರೆಯುವಾಗ ಶೇಡಿನ ತಲೆಯ ಮೇಲೆ ಕೂರುವ ಕಲ್ಲಿನ ಫಿನಿಯಲ್ ಬಗ್ಗೆ ಎರಡೇ ಎರಡು ಮಾತು ಹೇಳಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ! ಹಾಗಾಗಿ ಈ ಅಂಕಣ ಪೂರ್ತಿ ಅದಕ್ಕೇ ಇರಲಿ. ಹಿಂದಿನ ಸಂಚಿಕೆ ಓದದವರಿಗೆ ಒಂದು ಮಾತು. ಕೆಲವು ಲ್ಯಾಂಪುಗಳಲ್ಲಿ ಬಲ್ಬಿನ ಎರಡೂ ಪಕ್ಕದಿಂದ ಒಂದು ಗಟ್ಟಿ ತಂತಿಯ ಕಮಾನು ಮೇಲೇರಿರುತ್ತದೆ. ಅದರ ತುದಿಯಲ್ಲಿ ಒಂದು ಪುಟ್ಟ ಥ್ರೆಡ್ ಕಡ್ಡಿ. ಶೇಡಿನ ನಡುವಿನ ತೂತನ್ನು ಆ ಕಡ್ಡಿಗೆ ತೂರಿಸಿ ಮೇಲಿಂದ ತಿರುಗಿಸಿ ಬಿಗಿಯುವ ಗುಂಡಿಗೆ ಫಿನಿಯಲ್ ಎನ್ನುತ್ತಾರೆ. ಹಿತ್ತಾಳೆಯದು ಇರುತ್ತದೆ, ಮರದ್ದು ಇರುತ್ತದೆ, ಗಾಜಿನದು ಇರುತ್ತದೆ. ಅಂದಕ್ಕೆ ಇಡುವ ವಸ್ತು ಹೌದು, ಆದರೆ ಅದರ ಮೊದಲ ಕೆಲಸ ಶೇಡನ್ನು ಹಿಡಿದಿಡುವುದು. ಇದನ್ನು ನೆನಪಿಟ್ಟುಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳು ಬಗೆಹರಿದ ಹಾಗೆಯೇ.

ಪ್ರಶ್ನೆ: ಮೇಡಂ, ಮಗ ಅಮೆರಿಕದಿಂದ ವಾಪಸ್ ಬರುವಾಗ ಒಂದು ಜೋಡಿ ಟೇಬಲ್ ಲ್ಯಾಂಪ್ ತಂದ. ಒಂದರ ತಲೆಯ ಮೇಲಿದ್ದ ಹಸಿರು ಕಲ್ಲಿನ ಗುಂಡು ಸಾಮಾನು ಸಾಗಿಸುವಾಗ ಕಳೆದುಹೋಗಿದೆ. ಎಸ್.ಪಿ. ರಸ್ತೆಯಲ್ಲಿ ಎಷ್ಟು ಅಂಗಡಿ ಕೇಳಿದರೂ ಆ ಕಡ್ಡಿಗೆ ಹೊಂದುವ ನಟ್ ಸಿಗಲಿಲ್ಲ. 6 ಎಂ.ಎಂ. ನಟ್ ಹತ್ತುವುದೇ ಇಲ್ಲ. ಈಗ ಶೇಡ್ ಸುಮ್ನೆ ಮೇಲೆ ಕೂತಿದೆ, ಫ್ಯಾನ್ ಹಾಕಿದರೆ ಓಲಾಡುತ್ತದೆ. ಏನು ಮಾಡಲಿ?
(ಜಯನಗರ 4ನೇ ಬ್ಲಾಕ್)

ಉತ್ತರ: ಅಂಗಡಿಯವರ ತಪ್ಪಿಲ್ಲ, ನಿಮ್ಮದೂ ಇಲ್ಲ. ಅಮೆರಿಕದ ಲ್ಯಾಂಪುಗಳ ಆ ಕಡ್ಡಿ ಕಾಲು ಇಂಚು ದಪ್ಪ ಇರುತ್ತದೆ, ಅಂದರೆ 6.35 ಮಿ.ಮೀ. ಒಂದು ಇಂಚಿಗೆ 27 ಥ್ರೆಡ್. ನಮ್ಮಲ್ಲಿ ಎಲ್ಲ ಕಡೆ ಸಿಗುವ 6 ಎಂ.ಎಂ. ನಟ್ಟಿನ ತೂತು ಅದಕ್ಕಿಂತ ಸಣ್ಣದು, ಥ್ರೆಡ್ಡಿನ ಅಂತರವೂ ಬೇರೆ. ಕಾಲು ಇಂಚಿನದೇ ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಇಂಚಿಗೆ 20 ಥ್ರೆಡ್ ಇರುವುದನ್ನು ಕೊಡುತ್ತಾರೆ (ಕ್ಯಾಮೆರಾ ಟ್ರೈಪಾಡಿಗೆ ಬರುವುದು ಅದೇ). ದಪ್ಪ ಸರಿಯಾಯಿತು, ಆದರೂ ಅರ್ಧ ಸುತ್ತಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ದಯವಿಟ್ಟು ಪಕ್ಕಡದಲ್ಲಿ ಹಿಡಿದು ಬಲವಂತವಾಗಿ ತಿರುಗಿಸಬೇಡಿ. ಕಡ್ಡಿಯ ಥ್ರೆಡ್ ಹಾಳಾದರೆ ಇಡೀ ಕಮಾನನ್ನೇ ಬದಲಿಸಬೇಕಾಗುತ್ತದೆ.

ನಾನು ಹೇಳುವ ದಾರಿ ಇದು. ಆನ್‌ಲೈನಿನಲ್ಲಿ ಲ್ಯಾಂಪ್ ಫಿನಿಯಲ್ ಎಂದು ಹುಡುಕಿದರೆ ಕಲ್ಲಿನವೂ ಬರುತ್ತವೆ, ಬರೀ ಹಿತ್ತಾಳೆಯವೂ ಬರುತ್ತವೆ. ವಿವರದಲ್ಲಿ ಕಾಲು ಇಂಚು, 27 ಥ್ರೆಡ್ ಎಂದು ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ. ಇನ್ನೊಂದು ಗೊಂದಲ ಇದೆ. ಲ್ಯಾಂಪಿನ ಒಳಗೆ ವೈರ್ ಹಾಯುವ ಕೊಳವೆಗೂ ಇಂಚಿಗೆ 27 ಥ್ರೆಡ್ಡೇ ಇರುತ್ತದೆ, ಆದರೆ ಅದು ಸುಮಾರು 10 ಮಿ.ಮೀ. ದಪ್ಪ. ಕೆಲವು ಫಿನಿಯಲ್‌ಗಳನ್ನು ಆ ಅಳತೆಗೇ ಮಾಡಿರುತ್ತಾರೆ. 27 ಎಂಬ ಒಂದೇ ಸಂಖ್ಯೆ ನೋಡಿ ಆರ್ಡರ್ ಮಾಡಿದರೆ ಕಡ್ಡಿಯ ಮೇಲೆ ಗಡಗಡ ಅಲ್ಲಾಡುತ್ತದೆ.

ಕಳೆದುಹೋದ ಹಾಗಿನದೇ ಹಸಿರು ಕಲ್ಲು ಬೇಕೆಂದರೆ, ಆ ಥ್ರೆಡ್ ಇರುವ ಒಂದು ಸಾದಾ ಹಿತ್ತಾಳೆ ಫಿನಿಯಲ್ ತರಿಸಿ, ಲೇತ್ ಕೆಲಸದವರ ಹತ್ತಿರ ಅದರ ಮೇಲ್ಭಾಗ ಕತ್ತರಿಸಿಸಿ, ಉಳಿದ ಬುಡವನ್ನು ನಿಮ್ಮ ಕಲ್ಲಿಗೆ ಬುಷ್ (ಒಳಗೆ ಥ್ರೆಡ್ ಇರುವ ಪುಟ್ಟ ಲೋಹದ ಕೊಳವೆ) ಹಾಗೆ ಕೂರಿಸಬಹುದು. ಲೇತಿಗೆ ಹೋಗುವಾಗ ಬಾಯಲ್ಲಿ ಅಳತೆ ಹೇಳಬೇಡಿ, ಕಮಾನನ್ನೇ ಬಿಚ್ಚಿಕೊಂಡು ಹೋಗಿ. ಅದರ ಎರಡೂ ಕಾಲುಗಳ ಬುಡದಲ್ಲಿ ಪುಟ್ಟ ಕೊಳವೆಗಳಿದ್ದರೆ ಅವನ್ನು ಮೇಲಕ್ಕೆ ಎತ್ತಿ ಕಾಲುಗಳನ್ನು ಒಳಕ್ಕೆ ಒತ್ತಿ. ಈಚೆ ಬರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಆ ಲ್ಯಾಂಪ್ 120 ವೋಲ್ಟಿನ ಊರಿನದು, ನಮ್ಮ ಮನೆಯ ಕರೆಂಟ್ 230. ಅಲ್ಲಿಂದ ತಂದ ಬಲ್ಬ್ ಹಾಕಲೇಬೇಡಿ. ವೈರು, ಸ್ವಿಚ್ಚು, ಡಿಮ್ಮರ್ ಇದ್ದರೆ ಅದು, ಎಲ್ಲವೂ ನಮ್ಮ ವೋಲ್ಟೇಜ್ ತಡೆಯುತ್ತವೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಫಿನಿಯಲ್ಲಿನ ಹಿತ್ತಾಳೆ ಬುಡ ಕಮಾನಿಗೆ ತಾಗಿರುತ್ತದೆ, ಕಮಾನು ಹೋಲ್ಡರಿನ ಬುಡಕ್ಕೆ. ಒಳಗೆಲ್ಲೋ ವೈರಿನ ತೊಗಟೆ ಸುಲಿದಿದ್ದರೆ ಕರೆಂಟ್ ನಿಮ್ಮ ಬೆರಳಿನವರೆಗೂ ಬರಬಹುದು. ಕಲ್ಲು ಹಾಕುವಾಗ, ತೆಗೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಪ್ರಶ್ನೆ: ನಮ್ಮದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಕೊಂಡ ಲ್ಯಾಂಪ್. ನೀವು ಹೇಳಿದ ಕಮಾನೂ ಇಲ್ಲ, ಕಡ್ಡಿಯೂ ಇಲ್ಲ. ಇದಕ್ಕೆ ಕಲ್ಲು ಕೂರಿಸಲು ಆಗುವುದೇ ಇಲ್ಲವೇ?
(ರಾಜಾಜಿನಗರ)

ಉತ್ತರ: ನಮ್ಮಲ್ಲಿ ಮಾರುವ ಲ್ಯಾಂಪುಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ಶೇಡಿನ ಕೆಳಗಿನ ಬಳೆ ನೇರವಾಗಿ ಹೋಲ್ಡರ್ ಮೇಲೆ ಕೂರುತ್ತದೆ, ಅದರ ಮೇಲೆ ಹೋಲ್ಡರಿನದೇ ಒಂದು ರಿಂಗ್ ತಿರುಗಿಸಿ ಬಿಗಿಯುತ್ತಾರೆ. ಅಲ್ಲಿಗೆ ಶೇಡ್ ಭದ್ರ. ಮೇಲೆ ಏನೂ ಬೇಕಾಗಿಲ್ಲ. ಹೋಲ್ಡರಿನ ಬುಡದಲ್ಲಿ ಕಮಾನು ಹಿಡಿಯುವ ಯು ಆಕಾರದ ತಗಡು ಹಾಕಿಸಿ, ಶೇಡನ್ನೂ ಬದಲಿಸಿದರೆ ಫಿನಿಯಲ್ ಕೂರಿಸಬಹುದು. ಆದರೆ ಅದಕ್ಕೆ ಹೋಲ್ಡರ್ ಬಿಚ್ಚಿ ವೈರ್ ಮತ್ತೆ ಕಟ್ಟಬೇಕು. ಚೆನ್ನಾಗಿರುವ ಲ್ಯಾಂಪನ್ನು ಇಷ್ಟಕ್ಕಾಗಿ ಬಿಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ. ಕಲ್ಲಿನ ಆಸೆ ಇದ್ದರೆ ಎಳೆದು ಹಚ್ಚುವ ಸ್ವಿಚ್ಚಿನ ಸರಪಳಿಗೆ ತೂತು ಕೊರೆದ ಅಗೇಟ್ ಮಣಿಯೊಂದನ್ನು ಪೋಣಿಸಿ, ಅದೂ ಚೆಂದವೇ. ಶೇಡಿನ ಮೇಲಿನ ತಂತಿಗೆ ಕಲ್ಲನ್ನು ಅಂಟಿಸುವುದು ಮಾತ್ರ ಬೇಡ. ಕೆಳಗೆ ಬಲ್ಬ್ ಇದೆ, ಬಿಸಿಗೆ ಅಂಟು ಬಿಡುತ್ತದೆ.

ಪ್ರಶ್ನೆ: ಅಕ್ಕ, ಹೊಸ ಮನೆಯ ಹಾಲಿಗೆ ಎರಡು ಲ್ಯಾಂಪ್ ತರಿಸಿದ್ದೇವೆ, ಫಿನಿಯಲ್ ಹಾಕುವ ಕಡ್ಡಿ ಇದೆ. ಯಾವ ಕಲ್ಲು ಹಾಕಿಸಲಿ? ಅಂಗಡಿಯಲ್ಲಿ ಜೇಡ್ ಒಳ್ಳೆಯದು ಎಂದರು, ಇನ್ನೊಬ್ಬರು ಓನಿಕ್ಸ್ ಎಂದರು, ನಮ್ಮವರು ದೊಡ್ಡ ಸ್ಫಟಿಕದ ಗುಂಡು ಇರಲಿ ಎನ್ನುತ್ತಾರೆ.
(ಬಸವನಗುಡಿ)

ಉತ್ತರ: ಹೆಸರು ಕೇಳಿ ಕಲ್ಲು ಕೊಳ್ಳಬೇಡಿ. ಮೊದಲು ಎಷ್ಟು ಗಟ್ಟಿ ಇದೆ, ಎಷ್ಟು ತೂಕ ಇದೆ ನೋಡಿ. ಬಣ್ಣ ಆಮೇಲೆ.

ಗಟ್ಟಿತನ ಯಾಕೆ ಮುಖ್ಯ? ಬೆಂಗಳೂರಿನ ಧೂಳು ನಿಮಗೆ ಗೊತ್ತಲ್ಲ, ಕಿಟಕಿ ತೆಗೆದರೆ ಸಂಜೆಯೊಳಗೆ ಮೇಜಿನ ಮೇಲೆ ಬೆರಳಲ್ಲಿ ಬರೆಯಬಹುದು. ಆ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ, ಮರಳು ಎಂದರೆ ಹೆಚ್ಚಾಗಿ ಕ್ವಾರ್ಟ್ಜ್. ಕಲ್ಲುಗಳ ಗಟ್ಟಿತನ ಹೇಳಲು 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ 1ರಿಂದ 10ರವರೆಗಿನ ಒಂದು ಅಳತೆ ಇದೆ. ಅದರಲ್ಲಿ ಕ್ವಾರ್ಟ್ಜ್ 7ನೇ ಸ್ಥಾನದಲ್ಲಿದೆ. ಅದಕ್ಕಿಂತ ಮೆತ್ತಗಿನ ಕಲ್ಲನ್ನು ನೀವು ಒಣಬಟ್ಟೆಯಲ್ಲಿ ಉಜ್ಜಿದಾಗಲೆಲ್ಲ ಧೂಳಿನ ಕಣ ಅದನ್ನು ಗೀಚುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀಚು. ಒಂದೆರಡು ವರ್ಷದಲ್ಲಿ ಹೊಳಪು ಹೋಗಿ ಕಲ್ಲು ಮಂಕಾಗುತ್ತದೆ. ಸ್ಫಟಿಕ, ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್ ಎಲ್ಲ 7. ಅಗೇಟ್ ಆರೂವರೆಯಿಂದ 7. ಜೇಡ್ ನಿಜವಾದದ್ದಾದರೆ ಅದೂ 6ರ ಮೇಲೆ. ಲ್ಯಾಪಿಸ್ 5ರ ಆಸುಪಾಸು. ಮ್ಯಾಲಕೈಟ್ 4 ಮುಟ್ಟುವುದು ಕಷ್ಟ, ಮಾರ್ಬಲ್ 3. ಮೇಣದ ಹಾಗೆ ಬೆಳ್ಳಗೆ ಹೊಳೆಯುವ ಸೆಲೆನೈಟ್ ಬರೀ 2, ಉಗುರಿನಲ್ಲೇ ಗೀಚಬಹುದು. ಒದ್ದೆ ಬಟ್ಟೆಯೂ ಅದಕ್ಕೆ ಆಗದು. ಫಿನಿಯಲ್‌ಗೆ ಸೆಲೆನೈಟ್ ಮಾರುವವರಿದ್ದಾರೆ, ನಾನಂತೂ ಬೇಡ ಎನ್ನುತ್ತೇನೆ.

ನಿಮಗೆ ಹೇಳಿದ ಓನಿಕ್ಸ್ ಯಾವುದು ಎಂದು ಕೇಳಿ ನೋಡಿ. ಒಳಗೆ ಬೆಳಕು ಹಾಯುವ, ಜೇನುಬಣ್ಣದ ಪಟ್ಟೆ ಪಟ್ಟೆ ಕಲ್ಲಾದರೆ ಅದು ಬಹುತೇಕ ಕ್ಯಾಲ್ಸೈಟ್, ಅಂದರೆ ಮಾರ್ಬಲ್ ಜಾತಿಯದೇ, ಗಟ್ಟಿತನ 3. ನಿಜವಾದ ಓನಿಕ್ಸ್ ಅಗೇಟ್ ಜಾತಿಯದು. ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಕ್ಯಾಲ್ಸೈಟ್ ಕೆಟ್ಟದ್ದಲ್ಲ, ದೀಪ ಹಚ್ಚಿದಾಗ ಅದರಷ್ಟು ಚೆಂದ ಬೇರೆ ಕಾಣುವುದಿಲ್ಲ. ಆದರೆ ಕೊಡುವ ಬೆಲೆ ಯಾವ ಕಲ್ಲಿಗೆ ಎಂದು ಗೊತ್ತಿರಬೇಕು ಅಲ್ವಾ? ಜೇಡ್ ಕಥೆಯೂ ಅದೇ. ನಮ್ಮಲ್ಲಿ ಜೇಡ್ ಎಂದು ಕೊಡುವುದು ಅನೇಕ ಸಲ ಹಸಿರು ಅವೆಂಚುರೀನ್, ಅದಕ್ಕೆ ಇಂಡಿಯನ್ ಜೇಡ್ ಎಂದೇ ವ್ಯಾಪಾರದಲ್ಲಿ ಹೆಸರು. ಅದು ಕ್ವಾರ್ಟ್ಜ್ ಜಾತಿಯದು, ಒಳಗೆ ಮಿಣುಮಿಣುಕು ಕಣಗಳಿರುತ್ತವೆ. ಮೈಸೂರು ಕಡೆಯೂ ಸಿಗುವ ಕಲ್ಲು. ಫಿನಿಯಲ್‌ಗೆ ಬಹಳ ಒಳ್ಳೆಯದು. ಜೇಡ್ ಬೆಲೆಗೆ ಮಾತ್ರ ಕೊಳ್ಳಬೇಡಿ.

ಇನ್ನು ತೂಕ. ನಿಮ್ಮವರು ಹೇಳುವ ದೊಡ್ಡ ಗುಂಡಿನ ಲೆಕ್ಕ ನೋಡೋಣ. 30 ಮಿ.ಮೀ. ವ್ಯಾಸದ ಸ್ಫಟಿಕದ ಗುಂಡು ಸುಮಾರು 37 ಗ್ರಾಂ. 40 ಮಿ.ಮೀ. ಆದರೆ 90 ಗ್ರಾಂ ಹತ್ತಿರ. 50 ಮಿ.ಮೀ. ಆದರೆ 170 ದಾಟುತ್ತದೆ. ಇಷ್ಟು ತೂಕ ಲ್ಯಾಂಪಿನ ಅತಿ ಎತ್ತರದ ಜಾಗದಲ್ಲಿ, ಒಂದು ತೆಳ್ಳನೆ ತಂತಿ ಕಮಾನಿನ ಮೇಲೆ ನಿಲ್ಲಬೇಕು. ಮಗು ವೈರ್ ಎಳೆದರೆ, ಬೆಕ್ಕು ಹಾರಿದರೆ, ಮೇಲೆ ಭಾರ ಇರುವ ಲ್ಯಾಂಪ್ ಬೇಗ ಉರುಳುತ್ತದೆ. ಎರಡು ಅಡಿ ಎತ್ತರದ ಲ್ಯಾಂಪಿಗೆ 30 ಮಿ.ಮೀ. ಧಾರಾಳ ಸಾಕು, ನೋಡಲೂ ಅದೇ ಅಳತೆ ಹದವಾಗಿರುತ್ತದೆ. ದೊಡ್ಡ ಕಲ್ಲು ಶೇಡನ್ನು ನುಂಗಿಬಿಡುತ್ತದೆ.

ನನ್ನ ಮನಸ್ಸಿನ ಮಾತು ಹೇಳಲೇ? ನಮ್ಮ ಕಾಲ ಕೆಳಗಿನ ಕಲ್ಲನ್ನೇ ಒಮ್ಮೆ ನೋಡಿ. ಚಾಮರಾಜನಗರದ ಕಪ್ಪು ಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ವಿಧಾನಸೌಧ ಕಟ್ಟಿದ ನಮ್ಮ ಸುತ್ತಲಿನ ಬೂದು ಗ್ರಾನೈಟು. ಪಾಲಿಶ್ ಮಾಡಿದ ಗ್ರಾನೈಟ್ ಧೂಳಿಗೂ ನಿಂಬೆಹುಳಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಜಿಗಣಿಯ ಗ್ರಾನೈಟ್ ಘಟಕಗಳಲ್ಲಿ ಹಲಗೆ ಕೊಯ್ದ ಮೇಲೆ ಉಳಿಯುವ ತುಂಡುಗಳು ರಾಶಿ ಬಿದ್ದಿರುತ್ತವೆ. ಹಲಗೆ ಸಾಮಾನ್ಯವಾಗಿ 18–20 ಮಿ.ಮೀ. ದಪ್ಪ ಇರುವುದರಿಂದ ಗುಂಡು ಬರುವುದಿಲ್ಲ, ಆದರೆ ಬಿಲ್ಲೆ ಬರುತ್ತದೆ. ಒಂದು ಕಪ್ಪು ಬಿಲ್ಲೆ, ಅದರ ಮೇಲೆ ಸಣ್ಣದೊಂದು ಕೆಂಪು ಬಿಲ್ಲೆ, ನಡುವೆ ಹಿತ್ತಾಳೆ ವಾಷರ್. ಖಾದಿ ಬಟ್ಟೆಯ ಶೇಡಿನ ಮೇಲೆ ಅದು ಹೇಗೆ ಕಾಣಬಹುದು ಎಂದು ಊಹಿಸಿಕೊಳ್ಳಿ! ಎಲ್ಲಿಂದಲೋ ಬಂದ, ಹೆಸರೇ ಖಾತ್ರಿಯಿಲ್ಲದ ಕಲ್ಲಿಗಿಂತ ನನಗೆ ಇದು ನೂರು ಪಾಲು ಇಷ್ಟ.

ಪ್ರಶ್ನೆ: ಹಿತ್ತಾಳೆ ಲ್ಯಾಂಪನ್ನು ಹಬ್ಬಕ್ಕೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿದೆವು. ಹಿತ್ತಾಳೆ ಫಳಫಳ ಹೊಳೆಯಿತು, ಆದರೆ ಮೇಲಿನ ಬಿಳಿ ಮಾರ್ಬಲ್ ಗುಂಡು ಮಂಕಾಗಿ ಮುಟ್ಟಿದರೆ ತರಿತರಿ ಎನ್ನುತ್ತದೆ. ಕೊಳೆ ಇರಬಹುದು ಎಂದು ಇನ್ನೊಮ್ಮೆ ನಿಂಬೆಹಣ್ಣಲ್ಲಿ ಉಜ್ಜಿದೆ, ಇನ್ನೂ ಹಾಳಾಯಿತು.
(ಮಲ್ಲೇಶ್ವರ)

ಉತ್ತರ: ಅದು ಕೊಳೆಯಲ್ಲಮ್ಮ, ಕಲ್ಲಿನ ಮೈಯೇ ಕರಗಿದೆ. ಹಿತ್ತಾಳೆಯ ಮೇಲಿನ ಕಪ್ಪನ್ನು ತೆಗೆಯುವುದು ಹುಣಸೆಹಣ್ಣಿನ ಹುಳಿ. ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ಸುಣ್ಣದ ಕಲ್ಲಿನ ಬಳಗದ್ದು. ಅದೇ ಹುಳಿ ಅದನ್ನೂ ತಿನ್ನುತ್ತದೆ, ನಿಂಬೆಹಣ್ಣು ಇನ್ನೂ ಜೋರಾಗಿ. ಮ್ಯಾಲಕೈಟ್, ಕ್ಯಾಲ್ಸೈಟ್ ಓನಿಕ್ಸ್, ಹವಳ, ಮುತ್ತಿನ ಚಿಪ್ಪು, ಇವಕ್ಕೂ ಇದೇ ಗತಿ. ಅಗೇಟ್, ಸ್ಫಟಿಕಕ್ಕೆ ಏನೂ ಆಗುವುದಿಲ್ಲ.

ಒಳ್ಳೆಯ ಸುದ್ದಿ ಎಂದರೆ ಮಾರ್ಬಲ್ ಮತ್ತೆ ಹೊಳೆಯುತ್ತದೆ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಕೇಳಿ, 400, 800, 1500, 2000 ನಂಬರಿನವು ಒಂದೊಂದು ಸಾಕು. ಫಿನಿಯಲ್ ಬಿಚ್ಚಿಕೊಳ್ಳಿ, ಒಂದು ಬಟ್ಟಲು ನೀರು ಇಟ್ಟುಕೊಳ್ಳಿ, ಪೇಪರನ್ನು ಒದ್ದೆ ಮಾಡಿ 400ರಿಂದ ಶುರು ಮಾಡಿ. ತರಿತರಿ ಪೂರ್ತಿ ಹೋಗುವವರೆಗೂ ಮುಂದಿನ ನಂಬರಿಗೆ ಹೋಗಬೇಡಿ, ಅವಸರ ಮಾಡಿದರೆ ಆ ಗೀಚುಗಳೆಲ್ಲ ಕೊನೆಯಲ್ಲಿ ಎದ್ದು ಕಾಣುತ್ತವೆ, ಮತ್ತೆ ಮೊದಲಿಂದ ತಿಕ್ಕಬೇಕು. ನಂಬರ್ ಬದಲಿಸುವಾಗ ಕಲ್ಲು ತೊಳೆದು, ನೀರೂ ಬದಲಿಸಿ. 2000 ಮುಗಿದಾಗ ರೇಷ್ಮೆಯಂಥ ನಯ ಬಂದಿರುತ್ತದೆ. ಕನ್ನಡಿಯಂಥ ಹೊಳಪೇ ಬೇಕೆಂದರೆ ಮಾರ್ಬಲ್ ನೆಲ ಪಾಲಿಶ್ ಮಾಡುವವರು ಬಳಸುವ ಪುಡಿಯನ್ನು ಚಿಟಿಕೆ ತೆಗೆದುಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜಿ. ಮ್ಯಾಲಕೈಟ್ ಇರುವವರು ಮಾತ್ರ ಇದನ್ನು ಮನೆಯಲ್ಲಿ ಮಾಡಬೇಡಿ. ಅದು ತಾಮ್ರದ ಕಲ್ಲು, ಅದರ ಪುಡಿ ಮೈಗೆ ಒಳ್ಳೆಯದಲ್ಲ. ಇನ್ನು ಮುಂದೆ ಹಿತ್ತಾಳೆ ತಿಕ್ಕುವ ಮುಂಚೆ ಕಲ್ಲನ್ನು ಬಿಚ್ಚಿಟ್ಟುಬಿಡಿ.

ಪ್ರಶ್ನೆ: ಅಮೆಥಿಸ್ಟ್ ಫಿನಿಯಲ್ ಇರುವ ಲ್ಯಾಂಪ್ ಪಶ್ಚಿಮದ ಕಿಟಕಿ ಪಕ್ಕ ಇದೆ. ಬಣ್ಣ ಪೇಲವವಾಗುತ್ತಿದೆ ಅನ್ನಿಸುತ್ತಿದೆ. ಬಲ್ಬಿನ ಬಿಸಿ ಕಾರಣವೇ? ಅದರ ಬದಲು ಸ್ಫಟಿಕದ ಗುಂಡು ಹಾಕಬಹುದೇ?
(ಎಚ್.ಎಸ್.ಆರ್. ಲೇಔಟ್)

ಉತ್ತರ: ಬಲ್ಬ್ ಅಲ್ಲ, ಬಿಸಿಲು. ಅಮೆಥಿಸ್ಟಿನ ನೇರಳೆ ಬಣ್ಣ ಅದರೊಳಗಿನ ಕಬ್ಬಿಣದ ಅಂಶದಿಂದ ಬಂದದ್ದು, ದಿನಾ ನೇರ ಬಿಸಿಲು ಬಿದ್ದರೆ ನಿಧಾನಕ್ಕೆ ಮಾಸುತ್ತದೆ. ರೋಸ್ ಕ್ವಾರ್ಟ್ಜ್ ಕೂಡ ಕೆಲವು ಮಾಸುತ್ತವೆ. ಒಮ್ಮೆ ಹೋದ ಬಣ್ಣ ಮನೆಯಲ್ಲಿ ವಾಪಸ್ ತರಲಾಗದು, ಈಗಲೇ ಲ್ಯಾಂಪನ್ನು ಒಳಗಿನ ಮೂಲೆಗೆ ಸರಿಸಿ.

ಸ್ಫಟಿಕದ ಗುಂಡನ್ನು ಆ ಕಿಟಕಿ ಪಕ್ಕ ಇಡಲೇಬೇಡಿ! ಪಾರದರ್ಶಕವಾದ ಗುಂಡು ಬಿಸಿಲನ್ನು ಭೂತಗನ್ನಡಿ ಹಾಗೆ ಒಂದೇ ಚುಕ್ಕೆಗೆ ಸೇರಿಸುತ್ತದೆ. ಆ ಚುಕ್ಕೆ ಗುಂಡಿಗೆ ಬಹಳ ಹತ್ತಿರದಲ್ಲೇ ಬೀಳುತ್ತದೆ, ಅಂದರೆ ಶೇಡಿನ ಬಟ್ಟೆ ಮೇಲೆ, ಇಲ್ಲವೇ ಪರದೆ ಮೇಲೆ. ಹೀಗೆ ಮನೆಗಳಲ್ಲಿ ಬೆಂಕಿ ಹತ್ತಿದ್ದು ನಡೆದಿದೆ. ಕಿಟಕಿ ಪಕ್ಕಕ್ಕೆ ಬೆಳಕು ಹಾಯದ ಕಲ್ಲು ಹಾಕಿ, ಗ್ರಾನೈಟೋ ಅವೆಂಚುರೀನೋ. ಬಲ್ಬಿನ ಬಿಸಿ ಬಗ್ಗೆ ಕೇಳಿದ್ದೀರಲ್ಲ, ಹಳೆಯ 60 ವ್ಯಾಟ್ ಬಲ್ಬ್ ತಾನು ನುಂಗುವ ಕರೆಂಟಿನ ಬಹುಪಾಲನ್ನು ಬಿಸಿಯಾಗಿಯೇ ಬಿಡುತ್ತದೆ. ಅದರಿಂದ ಕಲ್ಲಿಗಿಂತ ಕಲ್ಲನ್ನು ಹಿಡಿದ ಅಂಟಿಗೆ ಅಪಾಯ. 9 ವ್ಯಾಟಿನ ಎಲ್.ಇ.ಡಿ. ಹೆಚ್ಚು ಕಡಿಮೆ ಅಷ್ಟೇ ಬೆಳಕು ಕೊಡುತ್ತದೆ, ಹಾಕಿಬಿಡಿ.

ಪ್ರಶ್ನೆ: ಕಮರ್ಷಿಯಲ್ ಸ್ಟ್ರೀಟ್ ಕಡೆ ಕಲ್ಲು ಕೊಳ್ಳಲು ಹೋಗುವವಳಿದ್ದೇನೆ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?
(ಯಲಹಂಕ)

ಉತ್ತರ: ಅಂಗಡಿಯಲ್ಲಿ ಗೀಚಿ ನೋಡಲು ಬಿಡುವುದಿಲ್ಲ, ಹಾಗಾಗಿ ಕಣ್ಣು, ಕೈ ಎರಡನ್ನೇ ನಂಬಬೇಕು. ಕೈಗೆ ತೆಗೆದುಕೊಂಡ ಕೂಡಲೇ ತಣ್ಣಗಿದ್ದು, ಸ್ವಲ್ಪ ಹೊತ್ತು ತಣ್ಣಗೇ ಇದ್ದರೆ ಪ್ಲಾಸ್ಟಿಕ್ ಅಲ್ಲ. ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ, ದುಂಡನೆ ಗುಳ್ಳೆ ಕಂಡರೆ ಗಾಜು. ಒಳಗೆ ತಾಮ್ರದ ಬಣ್ಣದ ಚುಕ್ಕಿಗಳು ನಕ್ಷತ್ರದ ಹಾಗೆ ಮಿನುಗುವ ಕಂದು ಕಲ್ಲನ್ನು ಸನ್‌ಸಿತಾರಾ ಎಂದು ಕೊಡುತ್ತಾರೆ, ಅದು ಪೂರ್ತಿ ಮನುಷ್ಯರು ಮಾಡಿದ ಗಾಜು. ಚೆಂದ ಇದೆ ಎಂದು ಕೊಳ್ಳಿ, ಕಲ್ಲು ಎಂದು ಅಲ್ಲ. ಕಣ್ಣು ಕೋರೈಸುವ ನೀಲಿ, ಗುಲಾಬಿ, ನೇರಳೆ ಅಗೇಟ್ ಬಹುತೇಕ ಬಣ್ಣ ಹಾಕಿದ್ದು. ಕಲ್ಲು ಅಸಲಿ, ಬಣ್ಣ ನಕಲಿ. ಮನೆಗೆ ತಂದ ಮೇಲೆ ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಗೆ ಹಾಕಿ ಬುಡದಲ್ಲಿ ಒರೆಸಿ ನೋಡಿ, ಕೆಲವು ಬಣ್ಣಗಳು ಹತ್ತಿಗೆ ಹತ್ತುತ್ತವೆ.

ಕಾಯಿಸಿದ ಕಲ್ಲನ್ನು ಮಾತ್ರ ನಕಲಿ ಎನ್ನಬೇಡಿ. ಗುಜರಾತಿನ ಖಂಭಾತದಲ್ಲಿ ಅಗೇಟನ್ನು ಕಾಯಿಸಿ ಕೆಂಪು ಮಾಡುವ ಕೆಲಸ ತಲೆತಲಾಂತರದಿಂದ ನಡೆದು ಬಂದಿದೆ, ಅಲ್ಲಿನ ಅಗೇಟಿಗೆ ಜಿ.ಐ. ಮಾನ್ಯತೆಯೂ ಇದೆ. ಮಣ್ಣುಬಣ್ಣದ ಕಲ್ಲು ಬೆಂಕಿಯಲ್ಲಿ ಕೆಂಪಾಗುವುದು ಅದರೊಳಗಿನ ಕಬ್ಬಿಣದಿಂದ, ಮೇಲೆ ಬಳಿದ ಬಣ್ಣದಿಂದ ಅಲ್ಲ. ಆ ಕೆಂಪು ಮಾಸುವುದೂ ಇಲ್ಲ. ಹಳದಿ ಸಿಟ್ರೀನ್ ಎಂದು ಸಿಗುವುದರಲ್ಲಿ ಬಹಳಷ್ಟು ಕಾಯಿಸಿದ ಅಮೆಥಿಸ್ಟೇ.

ಪ್ರಶ್ನೆ: ಊರಿನ ಮನೆ ಕೆಡವಿದಾಗ ಅಜ್ಜಿಯ ಕಲ್ಲಿನ ಕುಟ್ಟಾಣಿ ಒಡೆದುಹೋಯಿತು. ಅದರ ಒನಕೆಯ ತುದಿ, ಒಂದು ನಿಂಬೆಹಣ್ಣಿನಷ್ಟು ನುಣುಪಾದ ತುಂಡು, ನನ್ನ ಹತ್ತಿರ ಇದೆ. ಅದನ್ನು ಲ್ಯಾಂಪಿನ ಮೇಲೆ ಕೂರಿಸಬಹುದಾ ಅಕ್ಕ?
(ವಿಜಯನಗರ)

ಉತ್ತರ: ಖಂಡಿತ ಕೂರಿಸಬಹುದು, ಕೂರಿಸಿ. ಈ ಸಲದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಎಷ್ಟು ಮಸಾಲೆ ಕುಟ್ಟಿ ನುಣುಪಾದ ಕಲ್ಲೋ ಅದು, ಯಾವ ಅಂಗಡಿಯಲ್ಲೂ ಆ ನುಣುಪು ಸಿಗುವುದಿಲ್ಲ. ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ನೂರು ಗ್ರಾಂ ದಾಟಿದರೆ ಬುಡದ ಕಡೆಯಿಂದ ಸ್ವಲ್ಪ ಕೊಯ್ಸಿ, ಅಜ್ಜಿಯ ಕೈ ಸವೆಸಿದ ಮೇಲ್ಭಾಗ ಮುಟ್ಟಬೇಡಿ.

ಕೆಲಸ ಹೀಗೆ. ಬುಡದ ಸರಿಯಾಗಿ ನಡುವಿಗೆ ಒಂದು ತೂತು ಕೊರೆಯಬೇಕು, ಹಿತ್ತಾಳೆ ಬುಷ್ ಕೂರುವಷ್ಟು ಅಗಲ, ಒಂದೂವರೆ ಸೆಂಟಿಮೀಟರ್ ಆಳ. ಕಲ್ಲಿನಲ್ಲೇ ನೇರವಾಗಿ ಥ್ರೆಡ್ ಹೊಡೆಸುವುದು ಬೇಡ, ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಪುಡಿಯಾಗುತ್ತದೆ. ಗೋಡೆ ಕೊರೆಯುವ ಸಾದಾ ಬಿಟ್ ಬಳಸಿದರೆ ಕಲ್ಲು ಸೀಳಬಹುದು. ಡೈಮಂಡ್ ಬಿಟ್ ಬೇಕು, ಮೇಲೆ ನೀರು ಹನಿಸುತ್ತಾ ಇರಬೇಕು. ನೀರು ಬಿಟ್ ತಣ್ಣಗಿಡುವುದಕ್ಕೆ ಮಾತ್ರವಲ್ಲ, ಪುಡಿ ಹಾರದಂತೆ ತಡೆಯುವುದಕ್ಕೂ ಬೇಕು. ಕಲ್ಲಿನ ಪುಡಿ ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಎಷ್ಟೋ ಕಲ್ಲುಕೆಲಸದವರು ಅದರಿಂದ ನರಳುತ್ತಾರೆ. ಕೆಲಸಕ್ಕೆ ಕೊಡುವಾಗ ಒಣಗಿದ ಕಲ್ಲಿಗೆ ಡ್ರಿಲ್ ಹಿಡಿಯಬೇಡಿ, ನೀರು ಹಾಕಿಕೊಂಡು ನಿಧಾನಕ್ಕೆ ಮಾಡಿ, ನಮಗೆ ಅವಸರವಿಲ್ಲ ಎಂದು ನೀವೇ ಹೇಳಿ.

ಯಾರ ಹತ್ತಿರ ಮಾಡಿಸುವುದು? ಗ್ರಾನೈಟ್ ಅಡುಗೆಕಟ್ಟೆ ಹಾಕುವವರ ಬಳಿ ಡೈಮಂಡ್ ಬಿಟ್ ಇರುತ್ತದೆ, ಸಿಂಕಿನ ನಲ್ಲಿಗೆ ತೂತು ಕೊರೆಯುವುದು ಅದರಲ್ಲೇ. ಇನ್ನೂ ನಾಜೂಕು ಬೇಕಾದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ಊರು ತುಂಬ ಶಿಲ್ಪಿಗಳು, ದೇವರ ವಿಗ್ರಹ ಕೆತ್ತುವ ಕೈಗಳು. ಬೇರೆ ಫಿನಿಯಲ್ ಕೆತ್ತಿಸುವ ಆಸೆ ಇರುವವರಿಗೂ ಅದೇ ಜಾಗ ಹೇಳುತ್ತೇನೆ. ಸಣ್ಣ ಕಳಶದ ಆಕಾರ ತೋರಿಸಿ ಕೇಳಿ ನೋಡಿ. ಬಳಪದ ಕಲ್ಲಿನಲ್ಲಿ ಕೆತ್ತಿಸಿದರೆ ಬೇಲೂರು, ಹಳೇಬೀಡಿನಷ್ಟೇ ಸೂಕ್ಷ್ಮ ಗೆರೆ ಬರಬಲ್ಲದು, ಆ ಗುಡಿಗಳ ಕಲ್ಲೂ ಅದೇ ಜಾತಿಯದು. ಆದರೆ ಮೆತ್ತಗಿನ ಕಲ್ಲು, ಉಜ್ಜಬಾರದು, ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿದರೆ ಸಾಕು.

ಬುಷ್ ಕೂರಿಸುವುದು ಮನೆಯಲ್ಲೇ ಆಗುತ್ತದೆ. ತೂತನ್ನು ತೊಳೆದು ಪೂರ್ತಿ ಒಣಗಿಸಿ. ಬುಷ್ಷಿನ ಹೊರಮೈಯನ್ನು ಎಮರಿ ಪೇಪರಿನಿಂದ ಸ್ವಲ್ಪ ಒರಟು ಮಾಡಿ. ಅರಾಲ್ಡೈಟಿನ ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ ಚೆನ್ನಾಗಿ ಕಲಸಿ, ತೂತಿನ ಗೋಡೆಗೆ ಸವರಿ ಬುಷ್ ಇಳಿಸಿ. ಬುಷ್ಷಿನ ಒಳಗೆ ಅಂಟು ಇಳಿದರೆ ಥ್ರೆಡ್ ಮುಚ್ಚಿಹೋಗುತ್ತದೆ, ಅದಕ್ಕೆ ಮೊದಲೇ ಒಂದು ಚೂರು ಮೇಣ ತುಂಬಿಡಿ, ಆಮೇಲೆ ಕಡ್ಡಿಯಲ್ಲಿ ಕೆರೆದು ತೆಗೆದರಾಯಿತು. ಬುಷ್ ನೆಟ್ಟಗೆ ನಿಂತಿದೆಯೇ ಎಂದು ಎರಡು ಕಡೆಯಿಂದ ನೋಡಿ, ಓರೆಯಾದರೆ ಕಲ್ಲೂ ಶೇಡಿನ ಮೇಲೆ ಓರೆಯಾಗಿಯೇ ಕೂರುತ್ತದೆ. ಒಂದು ದಿನ ಪೂರ್ತಿ ಮುಟ್ಟದೆ ಬಿಡಿ.

ಇದೇ ವಿಷಯಕ್ಕೆ ಇನ್ನೊಬ್ಬರು ಲಾಲ್‌ಬಾಗ್ ಬಂಡೆಯ ಚೂರು ತಂದು ಫಿನಿಯಲ್ ಮಾಡಿಕೊಳ್ಳಬಹುದೇ ಎಂದು ಕೇಳಿದ್ದಾರೆ. ಬೇಡ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಒಂದು ಹರಳನ್ನೂ ಎತ್ತಬಾರದು. ಅದೇ ಜಾತಿಯ ಕಲ್ಲು ನಮ್ಮ ಊರಿನಲ್ಲಿ ಮನೆಗಳ ಪಾಯ ತೋಡುವಾಗ ಎಷ್ಟೋ ಕಡೆ ಸಿಗುತ್ತದೆ, ಕೇಳಿದರೆ ಕೊಡುತ್ತಾರೆ.

ಪ್ರಶ್ನೆ: ಕಲ್ಲು ಬೇಡ, ಭಾರ ಅನ್ನಿಸಿದರೆ ಬೇರೆ ಏನಿದೆ?
(ಕೆಂಗೇರಿ)

ಉತ್ತರ: ಚನ್ನಪಟ್ಟಣ ಇದೆಯಲ್ಲ! ಆಲೆಮರವನ್ನು ಲೇತಿಗೆ ಹಾಕಿ ಅರಗಿನ ಬಣ್ಣ ಹಚ್ಚುವ ಅಲ್ಲಿನ ಕೆಲಸದವರಿಗೆ ನಿಮ್ಮ ಕಡ್ಡಿಯ ಅಳತೆ ಕೊಟ್ಟು ಗುಂಡೋ ಮೊಗ್ಗೋ ಮಾಡಿಸಿಕೊಳ್ಳಿ. ಹಗುರ, ಬಣ್ಣವೂ ಗಾಢ. ಇದಕ್ಕೂ ಹಿತ್ತಾಳೆ ಬುಷ್ ಬೇಕು. ಅರಗು ಬಿಸಿಗೆ ಮೆತ್ತಗಾಗುವುದರಿಂದ ಎಲ್.ಇ.ಡಿ. ಬಲ್ಬ್ ಬಿಟ್ಟು ಬೇರೆ ಹಾಕಬೇಡಿ.

ಪ್ರಶ್ನೆ: ಫಿನಿಯಲ್ ಎಷ್ಟು ಬಿಗಿ ಮಾಡಬೇಕು? ಬಿಗಿ ಮಾಡಿದರೂ ಶೇಡ್ ತಿರುಗುತ್ತದೆ. ಮತ್ತೆ, ಎರಡು ಲ್ಯಾಂಪಿಗೆ ಒಂದೇ ಥರದ ಕಲ್ಲು ಬೇಕಿತ್ತು, ಆನ್‌ಲೈನಿನಲ್ಲಿ ತರಿಸಿದ ಎರಡೂ ಬೇರೆ ಬೇರೆ ಬಣ್ಣ ಬಂದಿವೆ.
(ಜೆ.ಪಿ. ನಗರ)

ಉತ್ತರ: ಎರಡು ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ. ಪಕ್ಕಡ ಹಾಕಿದರೆ ಕಲ್ಲಿನೊಳಗಿನ ಅಂಟು ಬಿಡುತ್ತದೆ. ಶೇಡ್ ತಿರುಗುತ್ತಿದ್ದರೆ ಫಿನಿಯಲ್ ಮತ್ತು ಶೇಡಿನ ನಡುವೆ ಒಂದು ತೆಳ್ಳನೆ ರಬ್ಬರ್ ವಾಷರ್ ಹಾಕಿ. ಆಮೇಲೂ ಅಲ್ಲಾಡಿದರೆ ಕಡ್ಡಿ ಉದ್ದವಾಗಿ ಫಿನಿಯಲ್ ಕೆಳಗಿನವರೆಗೆ ಇಳಿಯುತ್ತಿಲ್ಲ ಎಂದರ್ಥ, ಇನ್ನೊಂದು ಹಿತ್ತಾಳೆ ವಾಷರ್ ಸೇರಿಸಿದರೆ ಸರಿಹೋಗುತ್ತದೆ.

ಬಣ್ಣದ ವಿಷಯದಲ್ಲಿ, ಒಂದೇ ಬಂಡೆಯ ಎರಡು ತುಂಡೂ ಪೂರ್ತಿ ಒಂದೇ ಥರ ಇರುವುದಿಲ್ಲ. ತೀರಾ ಹತ್ತಿರದ ಜೋಡಿ ಬೇಕೆಂದರೆ ಒಂದೇ ಕಲ್ಲಿನಿಂದ ಕೊಯ್ದ ಜೋಡಿ ಕೊಡಿ ಎಂದು ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹಗಲು ಬೆಳಕಿನಲ್ಲಿ ತೆಗೆದ ಫೋಟೋ ತರಿಸಿಕೊಂಡು ಆಮೇಲೆ ದುಡ್ಡು ಕಳಿಸಿ. ಈಗ ಬಂದಿರುವ ಎರಡನ್ನು ಹಾಲಿನ ಎರಡು ತುದಿಗೆ ಹಾಕಿ, ದೂರ ಇದ್ದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.